ಪೋರ್ಟೊದ ವೈನ್ ವರ್ತಕರು, ಎಸ್ಪಿನ್ಯೊದ ಗಾಲ್ಫ್ ಮೈದಾನ: ಎರಡರದೂ ಒಂದೇ ಚರಿತ್ರೆಯೇ?

ಕಡಲಾಚೆಯ ಕನ್ನಡಿಗ

ವೇದಿಕೆಯ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ. ಉದ್ಯೋಗದ ನಿಮಿತ್ತ ನಾಲ್ಕು ವರ್ಷಗಳಿಂದ ಪೋರ್ಚುಗಲ್ಲಿನ ಪೋರ್ಟೊ ನಗರದಲ್ಲಿದ್ದೇನೆ. ಗಾಲ್ಫ್ ಆಡಿದವನಲ್ಲ, ವೈನನ್ನೂ ಇಲ್ಲಿನ ನೆರೆಹೊರೆಯವರು ಸುರಿದುಕೊಟ್ಟಾಗ ಕುಡಿದಿದ್ದೇನೆಯೇ ಹೊರತು ಅದರ ಮರ್ಮ ಬಲ್ಲವನಲ್ಲ. ಆದರೂ ಈ ಎರಡನ್ನೂ ಕುರಿತ ಒಂದು ಪ್ರಶ್ನೆ ಹಲವು ದಿನಗಳಿಂದ ತಲೆ ಕೊರೆಯುತ್ತಿರುವುದರಿಂದ ತಮ್ಮೆಲ್ಲರ ಮುಂದೆ ಇಡುತ್ತಿದ್ದೇನೆ.

ಪೋರ್ಟೊದಿಂದ ದಕ್ಷಿಣಕ್ಕೆ ರೈಲಿನಲ್ಲಿ ಅರ್ಧ ಗಂಟೆಯ ದಾರಿಯಲ್ಲಿ ಎಸ್ಪಿನ್ಯೊ ಎಂಬ ಕಡಲೂರಿದೆ. ಅಲ್ಲಿನ ಗಾಲ್ಫ್ ಕ್ಲಬ್ 1890ರಲ್ಲಿ ಹುಟ್ಟಿದ್ದು, ಅದನ್ನು ಹುಟ್ಟುಹಾಕಿದವರು ಪೋರ್ಟ್ ಎಂಬ ಇಲ್ಲಿನ ಸಿಹಿ ವೈನನ್ನು ಹಡಗಿಗೇರಿಸುತ್ತಿದ್ದ ಬ್ರಿಟಿಷ್ ವರ್ತಕರು. ಮೊದಲಿಗೆ ಅದರ ಹೆಸರು ಒಪೋರ್ಟೊ ನಿಬ್ಲಿಕ್ಸ್ ಕ್ಲಬ್ ಎಂದಿತ್ತು, ಈಗ ಒಪೋರ್ಟೊ ಗಾಲ್ಫ್ ಕ್ಲಬ್ ಎಂದಾಗಿದೆ. ಐಬೀರಿಯಾ ಪರ್ಯಾಯದ್ವೀಪದಲ್ಲಿ ಅದಕ್ಕಿಂತ ಹಳೆಯ ಗಾಲ್ಫ್ ಕ್ಲಬ್ ಇಲ್ಲ. 1891ರಲ್ಲಿ ಆರಂಭವಾದ ಸ್ಕೆಫಿಂಗ್ಟನ್ ಕಪ್ ಪಂದ್ಯ ಇಂದಿಗೂ ನಡೆಯುತ್ತಿದ್ದು, ಎಡೆಬಿಡದೆ ನಡೆದುಬಂದ ಗಾಲ್ಫ್ ಪಂದ್ಯಗಳಲ್ಲಿ ಜಗತ್ತಿನಲ್ಲೇ ಹಳೆಯದು ತಮ್ಮದೆಂದು ಕ್ಲಬ್ಬಿನವರು ಹೇಳಿಕೊಳ್ಳುತ್ತಾರೆ.

ಪ್ರವಾಸಿಗಳಿಗೆ ಕೊಡುವ ಹೊತ್ತಗೆಗಳಲ್ಲಿ "ಗಾಲ್ಫೂ ವೈನೂ ಕೈಹಿಡಿದು ಬೆಳೆದ ನಾಡು" ಎಂಬ ಧಾಟಿಯ ಮಾತು ಧಾರಾಳವಾಗಿರುತ್ತದೆ. ಕಣ್ಣಿಗೆ ಕಾಣುವುದು ಮಾತ್ರ ಬೇರೆ. ದ್ರಾಕ್ಷಿ ಬೆಳೆಯುವುದು ಡೋರೊ ನದಿಯ ಮೇಲ್ಕಣಿವೆಯಲ್ಲಿ, ಪೋರ್ಟೊದಿಂದ ಪೂರ್ವಕ್ಕೆ ಸುಮಾರು 100 ಕಿಲೋಮೀಟರ್ ದೂರದಲ್ಲಿ. ವೈನ್ ಮಾಗುವುದು ನದಿಯ ಮುಖದ ಬಳಿ, ಪೋರ್ಟೊದ ಎದುರುದಂಡೆಯ ಗಾಯಾ ಪಟ್ಟಣದ ಉಗ್ರಾಣಗಳಲ್ಲಿ. ಗಾಲ್ಫ್ ಮೈದಾನವಿರುವುದು ಅಲ್ಲಿಂದಲೂ ದಕ್ಷಿಣಕ್ಕೆ, ಅಟ್ಲಾಂಟಿಕ್ ಕಡಲಂಚಿನ ಮರಳುನೆಲದ ಮೇಲೆ. ಕಳೆದ ಭಾನುವಾರ ಎಸ್ಪಿನ್ಯೊದಲ್ಲಿ ಬೇಲಿಯ ಹೊರಗೆ ನಿಂತು ಅರ್ಧ ಗಂಟೆ ನೋಡಿದೆ. ಕಡಲಗಾಳಿಗೆ ಧ್ವಜದ ಬಟ್ಟೆ ಪಟಪಟ ಬಡಿದುಕೊಳ್ಳುತ್ತಿತ್ತು, ಒಬ್ಬ ವೃದ್ಧರು ಹೊಡೆದ ಚೆಂಡು ಗಾಳಿಯಲ್ಲಿ ಬಾಗಿ ನಾನಿದ್ದ ಬೇಲಿಯ ಕಡೆಗೇ ಬಂದು ಬಿತ್ತು. ಕಣ್ಣು ಹಾಯುವಷ್ಟು ದೂರ ಒಂದು ದ್ರಾಕ್ಷಿ ಬಳ್ಳಿಯೂ ಇರಲಿಲ್ಲ. ಹಾಗಿದ್ದ ಮೇಲೆ ಇವೆರಡನ್ನೂ ಒಂದೇ ಚರಿತ್ರೆ ಎಂದು ಹೇಳುವುದು ಯಾವ ಅರ್ಥದಲ್ಲಿ ಸರಿ?

ಹಳೇ ಭೂಪಟ

ಪ್ರಶ್ನೆ ಚೆನ್ನಾಗಿದೆ. ಮೂವತ್ತು ವರ್ಷ ಇತಿಹಾಸದ ಪಾಠ ಹೇಳಿದವನಾದ್ದರಿಂದ ಸ್ವಲ್ಪ ಹಿಂದಿನಿಂದಲೇ ಎತ್ತಿಕೊಳ್ಳುತ್ತೇನೆ, ದಯವಿಟ್ಟು ಸಹಿಸಿಕೊಳ್ಳಬೇಕು.

ಬ್ರಿಟಿಷರು ಪೋರ್ಟೊಗೆ ಬಂದದ್ದು ವ್ಯಾಪಾರಕ್ಕೆ. ಆರಂಭದಲ್ಲಿ ಉಣ್ಣೆಬಟ್ಟೆ ತಂದು ಮಾರಿ, ಬದಲಿಗೆ ಇಲ್ಲಿನ ಸರಕನ್ನು ಒಯ್ಯುತ್ತಿದ್ದರು. ಫ್ರಾನ್ಸಿನೊಡನೆ ಯುದ್ಧಗಳು ನಡೆದು ಬೋರ್ಡೋ ವೈನ್ ದುಬಾರಿಯಾದಾಗಲೆಲ್ಲ ಅವರ ಕಣ್ಣು ಡೋರೊ ಕಡೆಗೆ ತಿರುಗಿತು. 1703ರ ಮೆಥುವೆನ್ ಒಪ್ಪಂದ ಈ ನಂಟಿಗೆ ಕಾನೂನಿನ ಗಂಟು ಹಾಕಿತು: ಇಂಗ್ಲಿಷ್ ಉಣ್ಣೆಬಟ್ಟೆಗೆ ಪೋರ್ಚುಗಲ್ ಬಾಗಿಲು ತೆರೆಯಬೇಕು, ಪ್ರತಿಯಾಗಿ ಪೋರ್ಚುಗೀಸ್ ವೈನಿನ ಮೇಲಿನ ಸುಂಕವು ಫ್ರೆಂಚ್ ವೈನಿನ ಸುಂಕದ ಮೂರನೇ ಎರಡು ಪಾಲನ್ನು ಮೀರಬಾರದು. ಒಂದು ಪೀಳಿಗೆಯೊಳಗೆ ವ್ಯಾಪಾರ ಎಷ್ಟು ಹಿಗ್ಗಿತೆಂದರೆ ಕಲಬೆರಕೆಯೂ ಅದರ ಜೊತೆಗೇ ಹಿಗ್ಗಿತು. ಬಣ್ಣ ಸಾಲದ ವೈನಿಗೆ ಎಲ್ಡರ್ ಗಿಡದ ಹಣ್ಣಿನ ರಸ ಬೆರೆಸುವುದು ಮಾಮೂಲಾಯಿತು, ಬೆಲೆ ಕುಸಿಯಿತು. ಆಗ ಪೊಂಬಾಲ್‌ನ ಮಾರ್ಕ್ವೆಸ್ ಎಂದು ಹೆಸರಾದ ಮಂತ್ರಿ 1756ರಲ್ಲಿ ಒಂದು ಕಂಪನಿಯನ್ನು ಸ್ಥಾಪಿಸಿ, ಡೋರೊ ಕಣಿವೆಯಲ್ಲಿ ಯಾವ ನೆಲದ ವೈನನ್ನು ರಫ್ತು ಮಾಡಬಹುದೆಂದು ಗಡಿ ಗುರುತಿಸಿದ. ಆ ಗಡಿಗೆ ನೆಟ್ಟ 335 ಕಗ್ಗಲ್ಲಿನ ಕಂಬಗಳಲ್ಲಿ ಹಲವು ಇಂದಿಗೂ ತೋಟಗಳ ನಡುವೆ ನಿಂತಿವೆ. ಆ ಸೀಮೆಯೊಳಗಿನ ಎಲ್ಡರ್ ಗಿಡಗಳನ್ನೂ ಕಿತ್ತುಹಾಕಿಸಿದ.

ಇನ್ನು ಆ ವರ್ತಕರ ಬದುಕು. ಅವರು ಪೋರ್ಟೊದಲ್ಲಿ ನೂರಾರು ವರ್ಷ ಇದ್ದರೂ ತಮ್ಮದೇ ಒಂದು ಕೇರಿ ಕಟ್ಟಿಕೊಂಡು ಬಾಳಿದವರು. 1790ರಲ್ಲಿ ಮುಗಿದ ಫ್ಯಾಕ್ಟರಿ ಹೌಸ್ ಎಂಬ ಕಟ್ಟಡ ಅವರ ಕೂಟದ ಮನೆ. ಅಲ್ಲಿ ಒಂದರ ಪಕ್ಕ ಒಂದರಂತೆ ಎರಡು ಊಟದ ಕೋಣೆಗಳಿವೆ. ಮೊದಲ ಕೋಣೆಯಲ್ಲಿ ಊಟ ಮುಗಿಸಿದ ಅತಿಥಿಗಳು ಎದ್ದು ಎರಡನೆಯ ಕೋಣೆಗೆ ಹೋಗಿ, ಅಲ್ಲಿನ ಮೇಜಿನ ಸುತ್ತ ಅದೇ ಕ್ರಮದಲ್ಲಿ ಮತ್ತೆ ಕುಳಿತುಕೊಳ್ಳಬೇಕು. ಅಡುಗೆಯ ವಾಸನೆ ಸೋಕದ ಗಾಳಿಯಲ್ಲಿ ಪೋರ್ಟ್ ವೈನಿನ ಪರಿಮಳ ಸವಿಯಲಿ ಎಂಬ ಕಾರಣಕ್ಕೆ! ಇಂಥ ಶಿಸ್ತಿನ ಜನ 1855ರಲ್ಲಿ ಕ್ರಿಕೆಟ್ ಕ್ಲಬ್ ಕಟ್ಟಿದರು, 1890ರಲ್ಲಿ ಗಾಲ್ಫ್ ಕ್ಲಬ್ ಕಟ್ಟಿದರು, 1894ರಲ್ಲಿ ಮಕ್ಕಳಿಗೆ ಬ್ರಿಟಿಷ್ ಶಾಲೆ ತೆರೆದರು. ಆದ್ದರಿಂದ ನನ್ನ ಉತ್ತರ ಇದು: ಗಾಲ್ಫಿಗೂ ವೈನಿಗೂ ನಡುವಿನ ಕೊಂಡಿ ಆ ನೆಲವಲ್ಲ, ಆ ಜನ.

1890 ಎಂಬ ಇಸವಿಯನ್ನೂ ಸುಮ್ಮನೆ ದಾಟಬಾರದು. ಅದೇ ವರ್ಷದ ಜನವರಿ 11ರಂದು ಬ್ರಿಟನ್ ಸರ್ಕಾರ ಪೋರ್ಚುಗಲ್ಲಿಗೆ ಅಂತಿಮ ಎಚ್ಚರಿಕೆ ಕೊಟ್ಟು, ಅಂಗೋಲಾ ಮತ್ತು ಮೊಜಾಂಬಿಕ್‌ಗಳ ನಡುವಣ ಆಫ್ರಿಕಾದ ಪ್ರದೇಶದಿಂದ ಸೈನ್ಯ ಹಿಂತೆಗೆಯುವಂತೆ ಮಾಡಿತು. ಪೋರ್ಚುಗಲ್ ತಲೆಬಾಗಿದಾಗ ಊರೂರಲ್ಲಿ ಬ್ರಿಟಿಷರ ವಿರುದ್ಧ ಸಿಟ್ಟು ಭುಗಿಲೆದ್ದಿತು. ಆ ದೇಶದ ಇಂದಿನ ರಾಷ್ಟ್ರಗೀತೆ ಹುಟ್ಟಿದ್ದೇ ಆ ಸಿಟ್ಟಿನಲ್ಲಿ. ಮರುವರ್ಷ ಜನವರಿ 31ರಂದು ಪೋರ್ಟೊದಲ್ಲೇ ಗಣರಾಜ್ಯವಾದಿಗಳು ದಂಗೆಯೆದ್ದರು. ದಂಗೆಯೂ ಮೊದಲ ಸ್ಕೆಫಿಂಗ್ಟನ್ ಕಪ್ಪೂ ಒಂದೇ ವರ್ಷದವು. ಊರು ಕುದಿಯುತ್ತಿದ್ದ ದಿನಗಳಲ್ಲಿ ಊರಾಚೆಯ ಮರಳಿನ ಮೇಲೆ ಕುಳಿ ತೋಡಿ ಧ್ವಜ ನೆಟ್ಟ ಆ ವರ್ತಕರ ಮನಸ್ಸು ಏನೆನ್ನುತ್ತಿತ್ತೋ ಎಂದು ನಾನು ಬಹಳ ಸಲ ಯೋಚಿಸಿದ್ದೇನೆ.

ಹದಿನೆಂಟನೇ ಕುಳಿ

ಸೈನ್ಯದಿಂದ ನಿವೃತ್ತನಾದ ಮೇಲೆ ವಾರಕ್ಕೆ ಮೂರು ದಿನ ಗಾಲ್ಫ್ ಆಡುವವನ ಮಾತೆಂದು ಇದನ್ನು ಓದಿಕೊಳ್ಳಿ. ಹಳೇ ಭೂಪಟ ಸರ್ ಜನರ ಬಗ್ಗೆ ಹೇಳಿದ್ದನ್ನು ಒಪ್ಪುತ್ತೇನೆ, ಆದರೆ ನೆಲವನ್ನು ಅಷ್ಟು ಸುಲಭವಾಗಿ ಬಿಟ್ಟುಕೊಡಲಾರೆ.

ಸ್ಕಾಟ್ಲೆಂಡಿನಲ್ಲಿ ಗಾಲ್ಫ್ ಬೆಳೆದದ್ದು ಕಡಲಿಗೂ ಉಳುಮೆಯ ಹೊಲಕ್ಕೂ ನಡುವೆ ಬಿದ್ದಿರುವ ಮರಳುದಿಬ್ಬಗಳ ಮೇಲೆ. ಅದನ್ನೇ ಲಿಂಕ್ಸ್ ಎನ್ನುವುದು. ಬೇಸಾಯಕ್ಕೆ ಒದಗದ, ಕುರಿಗಳು ಮೇಯ್ದು ಹುಲ್ಲು ಗಿಡ್ಡವಾಗಿರುವ, ಮಳೆನೀರು ಕ್ಷಣದಲ್ಲಿ ಇಂಗಿಹೋಗುವ ನೆಲ ಅದು. ಎಸ್ಪಿನ್ಯೊದ ಕಡಲಂಚು ಅದರ ಪಡಿಯಚ್ಚು. ಡೋರೊ ಮೇಲ್ಕಣಿವೆಯ ಕಡಿದಾದ ಇಳಿಜಾರಿನಲ್ಲಿ ಚೆಂಡು ಇಟ್ಟರೆ ನದಿಗೇ ಹೋಗಿ ನಿಲ್ಲುತ್ತದೆ! ಆ ವರ್ತಕರು ದ್ರಾಕ್ಷಿಗೆ ತಕ್ಕ ನೆಲದಲ್ಲಿ ದ್ರಾಕ್ಷಿಯನ್ನೂ ಗಾಲ್ಫಿಗೆ ತಕ್ಕ ನೆಲದಲ್ಲಿ ಗಾಲ್ಫನ್ನೂ ಇಟ್ಟರು. ನೆಲದ ಗುಣ ಓದುವುದು ಅವರ ಕಸುಬಾಗಿತ್ತು ಎಂಬುದನ್ನು ಮರೆಯಬಾರದು.

ನಿಬ್ಲಿಕ್ ಎಂಬ ಹೆಸರಿನಲ್ಲೂ ಒಂದು ಸ್ವಾರಸ್ಯವಿದೆ. ಅದು ಹಳೆಯ ಕಾಲದ ಒಂದು ದಾಂಡು. ತಲೆ ಚಿಕ್ಕದು, ಭಾರ ಹೆಚ್ಚು, ಮುಖ ಹಿಂದಕ್ಕೆ ವಾಲಿರುತ್ತದೆ. ಗಾಡಿಯ ಚಕ್ರದ ಜಾಡಿನಲ್ಲಿಯೋ ಮರಳಿನಲ್ಲಿಯೋ ಹೂತುಕೊಂಡ ಚೆಂಡನ್ನು ಮೇಲಕ್ಕೆತ್ತಲು ಅದನ್ನು ಬಳಸುತ್ತಿದ್ದರು. ಈಗಿನ ಆಟಗಾರರಿಗೆ ಒಂಬತ್ತನೇ ನಂಬರಿನ ಕಬ್ಬಿಣದ ದಾಂಡು ಎಂದರೆ ಅರ್ಥವಾಗುತ್ತದೆ. ಆಗಿನ ಚೆಂಡು ಮಲಯ ನಾಡಿನ ಮರವೊಂದರ ಹಾಲಿನಿಂದ ಮಾಡಿದ ಗಟ್ಟಾಪರ್ಚದ್ದು. ತಮ್ಮ ಕ್ಲಬ್ಬಿಗೆ ಎಲ್ಲ ದಾಂಡುಗಳ ಪೈಕಿ ಸಂಕಟದಿಂದ ಪಾರುಮಾಡುವ ದಾಂಡಿನ ಹೆಸರಿಟ್ಟುಕೊಂಡರೆಂದರೆ, ಮೈದಾನ ಹೇಗಿತ್ತೆಂದು ನಾವೇ ಊಹಿಸಿಕೊಳ್ಳಬಹುದು.

ಇನ್ನೊಂದು ತಕರಾರು. ವೈನ್ ನಾಡು ಮತ್ತು ಗಾಲ್ಫ್ ಎಂದರೆ ಪೋರ್ಟೊಗಿಂತ ಮೊದಲು ಫ್ರಾನ್ಸಿನ ಪೋ ಪಟ್ಟಣದ ಹೆಸರು ಬರಬೇಕು. ಯುರೋಪ್ ಖಂಡದ ಮೊದಲ ಗಾಲ್ಫ್ ಕ್ಲಬ್ 1856ರಲ್ಲಿ ಹುಟ್ಟಿದ್ದು ಅಲ್ಲಿ. ಊರಿನ ಪಕ್ಕದಲ್ಲೇ ಜುರಾನ್ಸೋನ್ ವೈನಿನ ಗುಡ್ಡಗಳಿವೆ. 1814ರಲ್ಲಿ ಓರ್ತೆಜ್ ಯುದ್ಧ ಮುಗಿಸಿದ ಬ್ರಿಟಿಷ್ ಸೇನಾಪತಿ ವೆಲಿಂಗ್ಟನ್ನನ ಸೈನ್ಯದ ಸ್ಕಾಟ್ ಅಧಿಕಾರಿಗಳು ಅಲ್ಲಿನ ಬಯಲಿನಲ್ಲಿ ಚೆಂಡು ಹೊಡೆದಿದ್ದರೆಂಬ ಕಥೆಯೂ ಇದೆ.

ಕೆಂಪು ಸೀಸೆ

ಪೋ ಪಟ್ಟಣದ ಉದಾಹರಣೆ ಕಡಲಾಚೆಯ ಕನ್ನಡಿಗ ಅವರ ಪ್ರಶ್ನೆಗೆ ಒಳ್ಳೆಯ ಒರೆಗಲ್ಲಾಗುತ್ತದೆ, ಆದರೆ ಹದಿನೆಂಟನೇ ಕುಳಿ ಸರ್ ಹೇಳಿದ ದಿಕ್ಕಿನಲ್ಲಲ್ಲ. ಜುರಾನ್ಸೋನ್ ವೈನ್ ನಾನು ಬಹಳ ಇಷ್ಟಪಡುವ ವೈನ್. 1553ರಲ್ಲಿ ಫ್ರಾನ್ಸಿನ ನಾಲ್ಕನೇ ಹೆನ್ರಿ ದೊರೆ ಹುಟ್ಟಿದಾಗ ಕೂಸಿನ ತುಟಿಗೆ ಬೆಳ್ಳುಳ್ಳಿಯನ್ನೂ ಜುರಾನ್ಸೋನ್ ವೈನನ್ನೂ ಸವರಿದರೆಂದು ಅಲ್ಲಿನವರು ಹೇಳುತ್ತಾರೆ. ಆದರೆ ಪೋ ಪಟ್ಟಣಕ್ಕೆ ಬ್ರಿಟಿಷರು ಹೋದದ್ದು ಚಳಿಗಾಲದ ಹಿತವಾದ ಹವೆಗೆ, ಕ್ಷಯದ ರೋಗಿಗಳಿಗೆ ಅಲ್ಲಿನ ಗಾಳಿ ಒಳ್ಳೆಯದೆಂಬ ಸ್ಕಾಟ್ ವೈದ್ಯರೊಬ್ಬರ ಮಾತು ನಂಬಿ. ಅಲ್ಲಿ ಗಾಲ್ಫಿನ ಪಕ್ಕದಲ್ಲಿ ವೈನ್ ಇತ್ತು, ಅಷ್ಟೆ. ಪೋರ್ಟೊದಲ್ಲಿ ಹಾಗಲ್ಲ. ವೈನಿನ ದುಡ್ಡಿಲ್ಲದೆ ಅಲ್ಲಿ ಆ ಕ್ಲಬ್ ಇರುತ್ತಲೇ ಇರಲಿಲ್ಲ.

ನಾನು ವೈನಿನ ರುಚಿಪರೀಕ್ಷೆ ಕಲಿತು ಬೆಂಗಳೂರಿನಲ್ಲಿ ಅದನ್ನೇ ಉದ್ಯೋಗ ಮಾಡಿಕೊಂಡವಳು. ಈ ಕಸುಬಿನ ಗಡಿಯಾರ ಹೇಗೆ ನಡೆಯುತ್ತದೆ ಎಂಬುದನ್ನು ಹೇಳಿದರೆ ಆಟಕ್ಕೆ ಬಿಡುವು ಎಲ್ಲಿಂದ ಬಂತೆಂದು ತಿಳಿಯಬಹುದು.

ಸೆಪ್ಟೆಂಬರ್ ಹೊತ್ತಿಗೆ ಮೇಲ್ಕಣಿವೆಯಲ್ಲಿ ಕೊಯ್ಲು. ಹಣ್ಣನ್ನು ಲಗಾರ್ ಎಂಬ, ಮಂಡಿಯೆತ್ತರದ ಕಗ್ಗಲ್ಲಿನ ತೊಟ್ಟಿಗೆ ಸುರಿದು ಕಾಲಿನಿಂದ ತುಳಿಯುತ್ತಾರೆ. ಮೊದಲ ಎರಡು ಗಂಟೆ ಹೆಗಲಿಗೆ ಹೆಗಲು ಕೊಟ್ಟ ಸಾಲುಗಳು ಮೇಸ್ತ್ರಿಯ ಎಣಿಕೆಗೆ ತಕ್ಕಂತೆ, ಎಡಗಾಲು ಬಲಗಾಲು ಎಂದು ಇಂಚಿಂಚೇ ಮುಂದುವರಿಯಬೇಕು, ಮಾತಿಲ್ಲ, ನಗುವಿಲ್ಲ. ಆ ಮೇಲಿನದಕ್ಕೆ ಅಲ್ಲಿನವರು ಸ್ವಾತಂತ್ರ್ಯ ಎಂದೇ ಹೆಸರಿಟ್ಟಿದ್ದಾರೆ: ವಾದ್ಯ ಬರುತ್ತದೆ, ತೊಟ್ಟಿಯೊಳಗೇ ಕುಣಿತ ನಡೆಯುತ್ತದೆ. ರಸ ಹುದುಗೆದ್ದು ಸಕ್ಕರೆಯಲ್ಲಿ ಅರ್ಧದಷ್ಟು ಮದ್ಯವಾಗಿ ತಿರುಗುವ ಹೊತ್ತಿಗೆ ಅದಕ್ಕೆ ದ್ರಾಕ್ಷಿಯಿಂದಲೇ ಭಟ್ಟಿಯಿಳಿಸಿದ ಸಾರಾಯಿ ಸೇರಿಸಿ ಹುದುಗನ್ನು ನಿಲ್ಲಿಸುತ್ತಾರೆ. ಹಳೆಯ ಲೆಕ್ಕದ ಪ್ರಕಾರ 435 ಲೀಟರ್ ರಸಕ್ಕೆ 115 ಲೀಟರ್ ಸಾರಾಯಿ, ಒಟ್ಟು 550 ಲೀಟರ್. ಅದು ಒಂದು ಪಿಪಾ, ಅಂದರೆ ಒಂದು ದೊಡ್ಡ ಮರದ ಪೀಪಾಯಿ. ಉಳಿದ ಸಕ್ಕರೆ ವೈನಿನಲ್ಲೇ ನಿಲ್ಲುವುದರಿಂದಲೇ ಪೋರ್ಟ್ ಸಿಹಿಯಾಗಿರುವುದು.

ಹೊಸ ವೈನ್ ಚಳಿಗಾಲವನ್ನು ಕಣಿವೆಯಲ್ಲೇ ಕಳೆದು, ವಸಂತದಲ್ಲಿ ರಬೆಲೊ ಎಂಬ ಚಪ್ಪಟೆ ತಳದ ದೋಣಿಗಳಲ್ಲಿ ಗಾಯಾಕ್ಕೆ ಇಳಿಯುತ್ತಿತ್ತು. ಅಲ್ಲಿಂದ ಮುಂದೆ ಪೀಪಾಯಿಗಳದು ಕಾಯುವ ಕೆಲಸ, ವರ್ತಕರದು ಮೂಗು ನಾಲಿಗೆಗಳ ಕೆಲಸ. ಮಿಶ್ರಣ ಮಾಡುವ ಕೋಣೆಯಲ್ಲಿ ಸಾಲು ಸಾಲು ಲೋಟಗಳನ್ನಿಟ್ಟು ಮೂಸಿ, ಉಗುಳಿ, ಬರೆದಿಟ್ಟುಕೊಳ್ಳುವ ಈ ಕೆಲಸ ಬೆಳಗಿನ ಹೊತ್ತಿನದು. ಊಟವಾದ ಮೇಲಿನ ನಾಲಿಗೆಯನ್ನು ಯಾರೂ ನಂಬುವುದಿಲ್ಲ. ಹತ್ತಾರು ವರ್ಷ ಮಾಗಬೇಕಾದ ಸರಕನ್ನು ಇಟ್ಟುಕೊಂಡವನಿಗೆ ಮಧ್ಯಾಹ್ನ ಬಿಡುವಾಗಿರುವುದು ಸೋಮಾರಿತನವಲ್ಲ, ಕಸುಬಿನ ಲಯವೇ ಹಾಗೆ. ಆ ಮಧ್ಯಾಹ್ನಗಳಿಂದಲೇ ಕ್ರಿಕೆಟ್, ಟೆನಿಸ್, ಗಾಲ್ಫ್ ಎಲ್ಲವೂ ಬಂದವೆಂದು ನನ್ನ ಎಣಿಕೆ.

ದ್ರಾಕ್ಷಿ ಚಪ್ಪರ

ಎಲ್ಲರೂ ಬಹಳ ತಿಳಿದು ಬರೆದಿದ್ದೀರಿ. ನಾನು ದೊಡ್ಡಬಳ್ಳಾಪುರದ ಕಡೆಯವನು, ನಂದಿಬೆಟ್ಟ ಕಾಣುವ ಜಾಗದಲ್ಲಿ ನಾಲ್ಕು ಎಕರೆ ಬೆಂಗಳೂರು ನೀಲಿ ದ್ರಾಕ್ಷಿಯ ಚಪ್ಪರ ಇಟ್ಟುಕೊಂಡವನು. ಮೇಡಂ ಹೇಳಿದ ಆ ಬಿಡುವಿನ ಮಧ್ಯಾಹ್ನದ ಬಗ್ಗೆ ನನಗೊಂದು ಸಂಶಯವಿದೆ. ಪೀಪಾಯಿ ಕಾಯುವವನಿಗೆ ಬಿಡುವಿತ್ತು, ಸರಿ. ಬಳ್ಳಿ ಕಾಯುವವನಿಗೆ?

ನೀವು 1890 ಎಂದಿರಿ. ನನಗೆ ತಿಳಿದ ಮಟ್ಟಿಗೆ ಆ ಹೊತ್ತಿಗೆ ಡೋರೊ ಕಣಿವೆ ಎರಡು ದೊಡ್ಡ ಪೆಟ್ಟು ತಿಂದು ಕುಳಿತಿತ್ತು. ಮೊದಲನೆಯದು 1850ರ ದಶಕದ ಬೂದಿರೋಗ. ಇಂದಿಗೂ ನಮ್ಮ ಚಪ್ಪರಕ್ಕೆ ಮೋಡ ಕವಿದ ವಾರದಲ್ಲಿ ಬರುವುದು ಅದೇ ರೋಗ, ಅಂದು ಕಂಡುಕೊಂಡ ಗಂಧಕವನ್ನೇ ಇಂದಿಗೂ ನಾವು ಹೊಡೆಯುತ್ತೇವೆ. ಎರಡನೆಯದು 1860ರ ದಶಕದಲ್ಲಿ ಕಾಲಿಟ್ಟ ಫಿಲಾಕ್ಸೆರಾ, ಬೇರಿನ ರಸ ಹೀರುವ ಅಮೆರಿಕದ ಹೇನು. ಅದಕ್ಕೆ ಮದ್ದಿರಲಿಲ್ಲ. ತೋಟಕ್ಕೆ ತೋಟವೇ ಒಣಗಿ, ತಲೆಮಾರುಗಳಿಂದ ಕಲ್ಲು ಹೊತ್ತು ಕಟ್ಟಿದ ಮೆಟ್ಟಿಲುಪಾತಿಗಳನ್ನು ಬಿಟ್ಟು ಜನ ಊರು ತೊರೆದರು. ಕೊನೆಗೆ ಉಳಿದ ದಾರಿ ಅಮೆರಿಕದ ಕಾಡುದ್ರಾಕ್ಷಿಯ ಬೇರಿನ ಮೇಲೆ ಊರಿನ ಬಳ್ಳಿಯನ್ನು ಕಸಿ ಕಟ್ಟುವುದು. ನಮ್ಮಲ್ಲೂ ಡಾಗ್‌ರಿಜ್ ಎಂಬ ಅಮೆರಿಕದ ಬೇರಿನ ಮೇಲೆಯೇ ಬೇರೆ ತಳಿಗಳನ್ನು ಕಸಿ ಕಟ್ಟುತ್ತಾರೆ, ಆದರೆ ನಮಗದು ಉಪ್ಪುನೀರು ಮತ್ತು ಬರ ತಡೆಯಲಿಕ್ಕೆ. ಕಸಿ ಕಟ್ಟಿದ ತೋಟ ಫಲಕ್ಕೆ ಬರುವವರೆಗೆ ರೈತ ಏನು ತಿನ್ನಬೇಕು ಎಂಬ ಪ್ರಶ್ನೆ ಮಾತ್ರ ಎರಡೂ ಕಡೆ ಒಂದೇ.

ನನ್ನದೇ ಒಂದು ಅನುಭವ ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ವೈನ್ ಮಾಡುವ ಒಂದು ಸಂಸ್ಥೆಯವರು ಬಾಯಿಮಾತಿನಲ್ಲಿ ಬೆಲೆ ಹೇಳಿಹೋಗಿದ್ದರು. ಹಣ್ಣು ಕೊಯ್ದು ಕ್ರೇಟುಗಳಲ್ಲಿ ತುಂಬಿ ಗಾಡಿ ಕಳಿಸಿದರೆ, ಗೇಟಿನಲ್ಲೇ ಬ್ರಿಕ್ಸ್ ಮೀಟರಿಗೆ ಎರಡು ಹನಿ ಹಿಂಡಿ ನೋಡಿ, ಸಿಹಿ ಸಾಲದು ಎಂದು ಹೇಳಿದ ಬೆಲೆಯ ಅರ್ಧಕ್ಕೆ ಇಳಿಸಿದರು. ಕೊಯ್ದ ದ್ರಾಕ್ಷಿಯನ್ನು ವಾಪಸ್ ತಂದು ಏನು ಮಾಡುವುದು? ಕೊಟ್ಟು ಬಂದೆ. ಅಲ್ಲಿಂದ ಬರುವ ದಾರಿಯಲ್ಲೇ ಬೆಟ್ಟದ ತಪ್ಪಲಿನಲ್ಲಿ ಈಗ ಗಾಲ್ಫ್ ಮೈದಾನವೊಂದು ಹಸಿರಾಗಿದೆ. ಅದರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಸಾವಿರ ಅಡಿ ಕೊರೆಸಿದ ಕೊಳವೆಬಾವಿಯಲ್ಲಿ ಹೊಗೆ ಕಂಡವನಿಗೆ ಆ ಹಸಿರು ನೋಡಿದಾಗ ಏನೆನ್ನಿಸುತ್ತದೆ ಎಂಬುದನ್ನು ಬರೆದು ತಿಳಿಸುವ ಅಗತ್ಯವಿಲ್ಲ. ಅಲ್ಲಿಯ ಮೇಲ್ಕಣಿವೆಯ ರೈತ ಯಾವತ್ತಾದರೂ ಎಸ್ಪಿನ್ಯೊದ ಆ ಹುಲ್ಲಿನ ಮೇಲೆ ಕಾಲಿಟ್ಟಿದ್ದನೇ? ಇಲ್ಲವೆಂದಾದರೆ ಅದನ್ನು ನಾಡಿನ ಚರಿತ್ರೆ ಎನ್ನಬೇಡಿ, ವರ್ತಕರ ಚರಿತ್ರೆ ಎನ್ನಿ.

ಹದಿನೆಂಟನೇ ಕುಳಿ

ದ್ರಾಕ್ಷಿ ಚಪ್ಪರ ಅವರೇ, ತಮ್ಮ ನೋವು ಅರ್ಥವಾಗುತ್ತದೆ. ನೀರಿನ ವಿಚಾರದಲ್ಲಿ ನಾನು ವಾದಕ್ಕಿಳಿಯುವುದಿಲ್ಲ, ಅದು ನಿಮ್ಮ ಕಡೆಗೇ ವಾಲುವ ವಾದ. ಆದರೆ ಒಂದು ವ್ಯತ್ಯಾಸವನ್ನು ಗಮನಿಸಬೇಕೆಂದು ಕೋರುತ್ತೇನೆ. ಎಸ್ಪಿನ್ಯೊದ ಹಳೆಯ ಮೈದಾನ ಯಾರ ಹೊಲವನ್ನೂ ನುಂಗಿ ಎದ್ದದ್ದಲ್ಲ, ಬೇಸಾಯಕ್ಕೆ ಬಾರದ ಮರಳಿನಲ್ಲಿ ಎದ್ದದ್ದು. ಅದೇ ಪೋರ್ಚುಗಲ್ಲಿನ ದಕ್ಷಿಣ ತುದಿಯ ಅಲ್ಗಾರ್ವೆಯಲ್ಲಿ 1966ರಲ್ಲಿ ಇಂಗ್ಲಿಷ್ ಗಾಲ್ಫ್ ಆಟಗಾರ ಹೆನ್ರಿ ಕಾಟನ್ ರೂಪಿಸಿದ ಪೆನೀನಾ ಮೈದಾನ ಮೊದಲು ಭತ್ತದ ಗದ್ದೆಯಾಗಿತ್ತು. ಆ ಜೌಗನ್ನು ಒಣಗಿಸಲು ಮರಗಳನ್ನು ಗುಂಪುಗುಂಪಾಗಿ ನೆಡಬೇಕಾಯಿತು. ಇಂದು ಪೋರ್ಚುಗಲ್ಲಿನ ಗಾಲ್ಫ್ ಎಂದರೆ ಜಗತ್ತು ನೆನೆಯುವುದು ಆ ಅಲ್ಗಾರ್ವೆಯನ್ನು, ಅದರ ಹೋಟೆಲುಗಳನ್ನು. ಹಳೆಯ ಮರಳುಮೈದಾನದ ಗಾಲ್ಫೂ ಹೊಸ ಹೋಟೆಲಿನ ಗಾಲ್ಫೂ ಒಂದೇ ಹೆಸರಿನ ಎರಡು ಬೇರೆ ಪದಾರ್ಥಗಳು.

ನಮ್ಮ ಕಡೆಯ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಕಲ್ಕತ್ತೆಯ ಗಾಲ್ಫ್ ಕ್ಲಬ್ 1829ರದು, ಪೋ ಪಟ್ಟಣಕ್ಕಿಂತಲೂ ಹಳೆಯದು. ಬೆಂಗಳೂರಿನದು 1876ರದು, ಎಸ್ಪಿನ್ಯೊಗಿಂತ ಹದಿನಾಲ್ಕು ವರ್ಷ ಹಿರಿಯದು. ಬೆಂಗಳೂರಿಗೆ ಗಾಲ್ಫ್ ಬಂದದ್ದು ದಂಡಿನ ಜೊತೆ, ಪೋರ್ಟೊಗೆ ಬಂದದ್ದು ಗಲ್ಲಾಪೆಟ್ಟಿಗೆಯ ಜೊತೆ.

ಕಡಲಾಚೆಯ ಕನ್ನಡಿಗ

ಎಲ್ಲರಿಗೂ ಕೃತಜ್ಞತೆಗಳು. ದ್ರಾಕ್ಷಿ ಚಪ್ಪರ ಅವರ ಪ್ರಶ್ನೆಯನ್ನು ಜೇಬಿನಲ್ಲಿಟ್ಟುಕೊಂಡೇ ಈ ಶನಿವಾರ ಪಿನ್ಯಾಂವ್ ಎಂಬ ಊರಿನವರೆಗೆ ಡೋರೊ ರೈಲಿನಲ್ಲಿ ಹೋಗಿಬಂದೆ. ಈ ರೈಲುಹಾದಿ 1887ರಲ್ಲಿ ಸ್ಪೇನ್ ಗಡಿಯ ಬಾರ್ಕಾ ದಾಲ್ವಾ ತಲುಪಿತು. ಗಾಯಾದಿಂದ ಎಸ್ಪಿನ್ಯೊ ಕಡೆಗಿನ ಹಳಿ 1860ರ ದಶಕದಿಂದಲೂ ಇತ್ತು, ನದಿಯ ಮೇಲೆ ಐಫೆಲ್ ಕಂಪನಿ ಕಟ್ಟಿದ ಮರಿಯಾ ಪಿಯಾ ಸೇತುವೆ 1877ರಲ್ಲಿ ಅದನ್ನು ಪೋರ್ಟೊಗೆ ಜೋಡಿಸಿತ್ತು. ಅಂದರೆ 1890ರ ವರ್ತಕನಿಗೆ ತೋಟವೂ ಉಗ್ರಾಣವೂ ಆಟದ ಬಯಲೂ ಹಳಿಗಳ ಮೇಲೆ ಒಂದೇ ಸಾಲಿಗೆ ಬಂದಿದ್ದವು. ನಾನು ಕೇಳಿದ ಪ್ರಶ್ನೆಯಲ್ಲಿ ಈ ರೈಲನ್ನೇ ಮರೆತಿದ್ದೆ.

ಪಿನ್ಯಾಂವ್ ಬಳಿ ಇಳಿದು ಗುಡ್ಡ ಹತ್ತಿದಾಗ ಎದುರುಬದಿಯಲ್ಲಿ ಒಂದು ದೃಶ್ಯ ಕಂಡಿತು. ಬಳ್ಳಿ ತುಂಬಿದ ಮೆಟ್ಟಿಲುಪಾತಿಗಳ ನಡುವೆ ಅಲ್ಲಲ್ಲಿ ಕುರುಚಲು ಗಿಡಗಳು ಮುಚ್ಚಿದ, ಕಲ್ಲುಗೋಡೆ ಕುಸಿದ ಪಾತಿಗಳು. ಜೊತೆಗಿದ್ದ ಸ್ಥಳೀಯ ಮಿತ್ರರು ಅವನ್ನು ಮೊರ್ತೋರಿಯೊ ಎಂದರು. ಸತ್ತ ನೆಲ ಎಂದು ಹೇಳಬಹುದು. ಫಿಲಾಕ್ಸೆರಾ ಬಡಿದ ಮೇಲೆ ಯಾರೂ ಮತ್ತೆ ನೆಡದೆ ಬಿಟ್ಟ ತುಂಡುಗಳವು. ಗೋಡೆಯ ಕಲ್ಲೊಂದನ್ನು ಕೈಗೆತ್ತಿಕೊಂಡೆ. ಪದರ ಪದರವಾಗಿ ಒಡೆಯುವ ಕಂದುಬಣ್ಣದ ಶಿಸ್ಟ್ ಕಲ್ಲು, ಬಿಸಿಲಿಗೆ ಕಾವಲಿಯಂತೆ ಕಾದಿತ್ತು. ಒಂಬತ್ತು ತಿಂಗಳು ಚಳಿ, ಮೂರು ತಿಂಗಳು ನರಕ ಎಂದು ಅಲ್ಲಿನವರ ಗಾದೆ. ಅಲ್ಲಿ ನಿಂತಾಗ ಎಸ್ಪಿನ್ಯೊದ ತಂಗಾಳಿ ಬೇರೊಂದು ದೇಶದ್ದೆನಿಸಿತು. ಆದ್ದರಿಂದ ದ್ರಾಕ್ಷಿ ಚಪ್ಪರ ಅವರ ಮಾತನ್ನು ಒಪ್ಪಿದ್ದೇನೆ: ನಾಡಿನ ಚರಿತ್ರೆ ಎಂಬುದು ದೊಡ್ಡ ಮಾತಾಯಿತು.

ಆದರೂ ವರ್ತಕರ ಆಟ ವರ್ತಕರ ಕೇರಿಯಲ್ಲೇ ಉಳಿಯಲಿಲ್ಲ ಎಂಬುದಕ್ಕೆ ಒಂದು ಸಾಕ್ಷಿ ಇದೆ, ಆದರೆ ಅದು ಗಾಲ್ಫಿನದಲ್ಲ. ಇಂದು ಜಗತ್ತೆಲ್ಲ ಬಲ್ಲ ಎಫ್‌.ಸಿ. ಪೋರ್ಟೊ ಫುಟ್ಬಾಲ್ ಕ್ಲಬ್ಬನ್ನು 1893ರಲ್ಲಿ ಸ್ಥಾಪಿಸಿದವನು ಆಂಟೋನಿಯೊ ನಿಕೊಲಾವ್ ದ ಅಲ್ಮೇಯ್ದಾ, ಒಬ್ಬ ಪೋರ್ಚುಗೀಸ್ ವೈನ್ ವ್ಯಾಪಾರಿ. ವ್ಯಾಪಾರಕ್ಕೆಂದು ಇಂಗ್ಲೆಂಡಿಗೆ ಹೋಗಿಬರುತ್ತಿದ್ದಾಗ ಆ ಆಟದ ರುಚಿ ಹಿಡಿಸಿಕೊಂಡವನು. ಪಂದ್ಯದ ದಿನ ನನ್ನ ಮನೆಯ ಕೆಳಗಿನ ಕಾಫಿ ಅಂಗಡಿಯಲ್ಲಿ ಮೀನು ಮಾರುವವರೂ ವಕೀಲರೂ ಒಂದೇ ನೀಲಿ ಅಂಗಿ ತೊಟ್ಟು ಕೂಗುತ್ತಾರೆ. ಒಂದೇ ವೈನ್ ವ್ಯಾಪಾರದ ಹಡಗುಗಳಲ್ಲಿ ಮೂರು ವರ್ಷಗಳ ಅಂತರದಲ್ಲಿ ಬಂದ ಎರಡು ಆಟಗಳಲ್ಲಿ ಒಂದು ಊರಿಗೆಲ್ಲ ಹಬ್ಬಿತು, ಇನ್ನೊಂದು ಬೇಲಿಯೊಳಗೆ ಉಳಿಯಿತು.

ಹಳೇ ಭೂಪಟ

ಫುಟ್ಬಾಲಿಗೆ ಒಂದು ಚೆಂಡು ಸಾಕು, ಗಾಲ್ಫಿಗೆ ಒಂದು ಊರಗಲದ ನೆಲವೂ ಅದನ್ನು ಸವರಿ ಇಡುವ ಆಳುಗಳೂ ಬೇಕು. ಅಷ್ಟರಲ್ಲೇ ಉತ್ತರವಿದೆ ಎಂದು ನನಗೆ ತೋರುತ್ತದೆ. ಇದು ದೂರಲ್ಲ.

ಆದರೆ ವರ್ತಕರೆಂದರೆ ಬರೀ ಮಧ್ಯಾಹ್ನದ ಆಟದವರು ಎಂಬ ಚಿತ್ರ ಉಳಿಯಬಾರದೆಂದು ಒಂದು ಮಾತು ಸೇರಿಸುತ್ತೇನೆ. ಜೋಸೆಫ್ ಜೇಮ್ಸ್ ಫಾರೆಸ್ಟರ್ ಎಂಬ ಬ್ರಿಟಿಷ್ ವರ್ತಕ ಡೋರೊ ನದಿಯುದ್ದಕ್ಕೂ ಓಡಾಡಿ ಅದರ ಒಂದೊಂದು ಸುಳಿಯನ್ನೂ ಬಂಡೆಯನ್ನೂ ಗುರುತಿಸಿ ಭೂಪಟ ಬರೆದವನು. ವೈನಿಗೆ ಸಾರಾಯಿ ಬೆರೆಸುವುದೇ ಮೋಸವೆಂದು ತನ್ನ ಜೊತೆಯ ವರ್ತಕರನ್ನೇ ಎದುರು ಹಾಕಿಕೊಂಡವನು. 1861ರಲ್ಲಿ ಅದೇ ನದಿಯ ವಲೇಯ್ರಾ ಎಂಬ ಕಂದರದಲ್ಲಿ ದೋಣಿ ಮಗುಚಿ ಮುಳುಗಿಹೋದ. ಆ ದೋಣಿಯಲ್ಲೇ ಇದ್ದ ಡೋನಾ ಅಂತೋನಿಯಾ ಫೆರೇಯ್ರಾ ಎಂಬ ತೋಟದೊಡತಿ ಬದುಕಿ ಉಳಿದಳು. ಅವಳ ಅಗಲವಾದ ಲಂಗ ಗಾಳಿ ತುಂಬಿಕೊಂಡು ನೀರಿನ ಮೇಲೆ ತೇಲಿಸಿತೆಂದು ಜನ ಹೇಳುತ್ತಾರೆ. ಫಿಲಾಕ್ಸೆರಾ ಕಾಲದಲ್ಲಿ ಬಿದ್ದುಹೋದ ತೋಟಗಳನ್ನು ಮತ್ತೆ ನೆಡಿಸಿದವರಲ್ಲಿ ಅವಳೂ ಒಬ್ಬಳು. ನಾಡಿನ ಚರಿತ್ರೆ ಬೇಕಾದವರು ಅವಳಿಂದ ಆರಂಭಿಸಬಹುದು.

ಇನ್ನೊಂದು ಸಣ್ಣ ಸಂಗತಿ. ಕೆಂಪು ಸೀಸೆ ಮೇಡಂ ಮೇಲೆ ಪಿಪಾ, ಪೀಪಾಯಿ ಎಂಬ ಎರಡು ಮಾತುಗಳನ್ನು ಒಂದೇ ಉಸಿರಿನಲ್ಲಿ ಬಳಸಿದ್ದಾರೆ. ಅವು ಎರಡಲ್ಲ, ಒಂದೇ. ಪಾದ್ರಿ, ಚಾವಿ, ಅನಾನಸುಗಳಂತೆ ಪೀಪಾಯಿಯೂ ಪೋರ್ಚುಗೀಸರಿಂದ ನಮಗೆ ಬಂದ ಮಾತು.

ಕೆಂಪು ಸೀಸೆ

ಅದನ್ನು ತಿಳಿಯದೆಯೇ ಬರೆದಿದ್ದೆ ಸರ್, ಧನ್ಯವಾದ. ಫಾರೆಸ್ಟರನ ವಾದ ಗೆದ್ದಿದ್ದರೆ ಇಂದು ನಾವು ಪೋರ್ಟ್ ಎಂದು ಕುಡಿಯುವುದು ಇರುತ್ತಲೇ ಇರಲಿಲ್ಲ. ಕೆಲವು ಸೋಲುಗಳು ಕುಡಿಯುವವರಿಗೆ ಲಾಭ.

ದ್ರಾಕ್ಷಿ ಚಪ್ಪರ ಅವರಿಗೆ ಒಂದು ಮಾಹಿತಿ. 1926ರಿಂದ 1986ರವರೆಗೆ ಪೋರ್ಟ್ ವೈನನ್ನು ಗಾಯಾದ ಉಗ್ರಾಣಗಳ ಮೂಲಕವೇ ರಫ್ತು ಮಾಡಬೇಕೆಂಬ ಕಾನೂನಿತ್ತು. ಎಂದರೆ ಮೇಲ್ಕಣಿವೆಯ ಸಣ್ಣ ಬೆಳೆಗಾರ ತಾನೇ ವೈನ್ ಮಾಡಿದರೂ ತನ್ನ ಹೆಸರಿನಲ್ಲಿ ಹೊರದೇಶಕ್ಕೆ ಕಳಿಸುವಂತಿರಲಿಲ್ಲ, ವರ್ತಕನಿಗೆ ಮಾರಲೇಬೇಕಿತ್ತು. 1986ರಲ್ಲಿ ಆ ಕಟ್ಟು ಸಡಿಲವಾದ ಮೇಲೆ ತೋಟದಿಂದಲೇ ನೇರವಾಗಿ ಸೀಸೆ ತುಂಬಿ ಕಳಿಸುವವರು ಹುಟ್ಟಿಕೊಂಡರು. ನಿಮ್ಮ ಗೇಟಿನ ಬ್ರಿಕ್ಸ್ ಮೀಟರಿನ ಕಥೆ ಓದುವಾಗ ನನಗೆ ನೆನಪಾದದ್ದು ಅದು. ನಮ್ಮಲ್ಲಿ 2007ರ ವೈನ್ ನೀತಿ ಬಂದ ಮೇಲೆ ಬೆಳೆಗಾರರೇ ವೈನ್ ಮಾಡುವ ಮಾತು ಕೇಳಿಬಂದಿತ್ತು. ನಿಮ್ಮ ಸುತ್ತಮುತ್ತ ಯಾರಾದರೂ ಆ ಕಡೆ ಹೆಜ್ಜೆ ಇಟ್ಟಿದ್ದಾರೆಯೇ?

ದ್ರಾಕ್ಷಿ ಚಪ್ಪರ

ಯೋಚನೆ ಮಾಡಿದವರಿದ್ದಾರೆ ಮೇಡಂ. ತೊಟ್ಟಿ, ಯಂತ್ರ, ಪರವಾನಗಿ, ಅದರ ಮೇಲೆ ಮಾಗುವವರೆಗೆ ದುಡ್ಡು ಕಟ್ಟಿಹಾಕುವ ಶಕ್ತಿ, ಇಷ್ಟನ್ನೂ ಲೆಕ್ಕ ಹಾಕಿ ನಮ್ಮೂರಿನವರು ಹಣ್ಣನ್ನು ಮಂಡಿಗೇ ಕಳಿಸುತ್ತಿದ್ದಾರೆ. ಬೆಂಗಳೂರು ನೀಲಿಗೆ 2013ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಅದರಿಂದ ಕ್ರೇಟಿನ ಬೆಲೆ ಏರಲಿಲ್ಲ. ಪೊಂಬಾಲನ ಕಲ್ಲುಕಂಬಗಳಿಂದ ಅಲ್ಲಿನ ರೈತನಿಗೆ ಬೆಲೆ ಏರಿತ್ತೇ ಎಂಬುದನ್ನು ಭೂಪಟ ಸರ್ ಬಿಡುವಾದಾಗ ಬೇರೆಯಾಗಿ ಬರೆದರೆ ಓದುತ್ತೇನೆ.

ಕಡಲಾಚೆಯ ಕನ್ನಡಿಗ ಅವರಲ್ಲಿ ಒಂದು ವಿನಂತಿ. ಬರುವ ಸೆಪ್ಟೆಂಬರಿನಲ್ಲಿ ತಾವು ಮತ್ತೆ ಮೇಲ್ಕಣಿವೆಗೆ ಹೋಗುವುದಾದರೆ ಮೂರು ವಿಷಯ ಕೇಳಿಕೊಂಡು ಬನ್ನಿ. ಆ ಮೆಟ್ಟಿಲುಪಾತಿಯಿಂದ ಹಣ್ಣನ್ನು ಹೊತ್ತು ಇಳಿಸುವ ಬುಟ್ಟಿಗೆ ಎಷ್ಟು ಕಿಲೋ ಹಿಡಿಯುತ್ತದೆ, ಒಬ್ಬ ಆಳು ದಿನಕ್ಕೆ ಎಷ್ಟು ಸಲ ಇಳಿದು ಹತ್ತುತ್ತಾನೆ, ಕೂಲಿ ಎಷ್ಟು. ಸಾಧ್ಯವಾದರೆ ಬಳ್ಳಿಯ ಬುಡದ ಫೋಟೊ ಒಂದು ತೆಗೆಯಿರಿ, ಕಸಿ ಕಟ್ಟಿದ ಗಂಟು ಕಾಣುವ ಹಾಗೆ, ಮಣ್ಣನ್ನು ಸ್ವಲ್ಪ ಸರಿಸಿ.

ಕಡಲಾಚೆಯ ಕನ್ನಡಿಗ

ಖಂಡಿತ. ಬುಟ್ಟಿ ತೂಗಲು ಮನೆಯಿಂದಲೇ ಕೊಕ್ಕೆ ತಕ್ಕಡಿ ಒಯ್ಯುತ್ತೇನೆ.